ಬೇಟೆಯಿಂದ ನೋಟಕ್ಕೆ: ಹಳೆ ಮೈಸೂರು ಸೀಮೆಯಲ್ಲಿ ವನ್ಯಪ್ರಾಣಿ ವೀಕ್ಷಣೆಯ ಚರಿತ್ರೆ

ಪೀಠಿಕೆ

ಚಾಮರಾಜನಗರ, ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಬಂಡೀಪುರ ಹಾಗೂ ನಾಗರಹೊಳೆಯ ಕಾಡುಗಳು ಆನೆ, ಹುಲಿ, ಕಾಟಿ, ಕಡವೆ, ಸೀಳುನಾಯಿ ಮೊದಲಾದ ಪ್ರಾಣಿಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ಕಾಣಬಹುದಾದ ತಾಣಗಳೆಂದು ಪ್ರಸಿದ್ಧವಾಗಿವೆ. ಈ ಪ್ರಸಿದ್ಧಿಯ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ನೇರ ರೇಖೆಯಂತೆ ನಿರೂಪಿಸಲಾಗುತ್ತದೆ. ಮೊದಲು ಅರಸರು ಮತ್ತು ಆಂಗ್ಲ ಅಧಿಕಾರಿಗಳು ಬೇಟೆಯಾಡಿದರು. ಅನಂತರ ಕಾಯಿದೆಗಳು ಬಂದು ಬೇಟೆ ನಿಂತಿತು. ತರುವಾಯ ಬೇಟೆಯ ಕಾಡು ಜನಸಾಮಾನ್ಯರು ನೋಡಿ ಆನಂದಿಸುವ ಉದ್ಯಾನವಾಯಿತು ಎಂಬುದು ಆ ನಿರೂಪಣೆಯ ಸಾರ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಕಾಡಿನ ದಾರಿಗಳು, ತಂಗುವ ಬಂಗಲೆಗಳು, ಪ್ರಾಣಿಯ ಜಾಡು ಹಿಡಿಯುವ ಜನರು, ಪ್ರೇಕ್ಷಕನು ಕುಳಿತುಕೊಳ್ಳುವ ಸ್ಥಳ ಇವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ವೀಕ್ಷಣೆಯು ಬೇಟೆಗೆ ವಿರುದ್ಧವಾಗಿ ಹೊರಗಿನಿಂದ ಬಂದದ್ದಲ್ಲ, ಬೇಟೆಯ ವ್ಯವಸ್ಥೆಯ ಒಳಗಿನಿಂದಲೇ ಹುಟ್ಟಿದ್ದು ಎಂಬುದು ಸ್ಪಷ್ಟವಾಗುತ್ತದೆ. ಬಂದೂಕು ಕೆಳಗಿಳಿಯಿತು, ಆದರೆ ಬಂದೂಕಿನ ಸುತ್ತ ರೂಪುಗೊಂಡಿದ್ದ ಏರ್ಪಾಡು ಬಹುಮಟ್ಟಿಗೆ ಉಳಿದುಕೊಂಡಿತು. ಈ ಪ್ರಬಂಧದಲ್ಲಿ ಪ್ರಾಣಿಯನ್ನು ನೋಡಿದವರು ಯಾರು, ತೋರಿಸಿದವರು ಯಾರು, ಆ ನೋಟಕ್ಕಾಗಿ ಸ್ಥಳ ಬಿಟ್ಟವರು ಯಾರು ಎಂಬ ಮೂರು ಪ್ರಶ್ನೆಗಳ ಹಿನ್ನೆಲೆಯಲ್ಲಿ ಈ ಚರಿತ್ರೆಯನ್ನು ಪರಿಶೀಲಿಸಲಾಗಿದೆ.

ಶಾಸನ ಮತ್ತು ಗ್ರಂಥಗಳಲ್ಲಿ ಬೇಟೆ

ಕನ್ನಡ ನಾಡಿನಲ್ಲಿ ಕಾಡುಪ್ರಾಣಿ ಮತ್ತು ಮನುಷ್ಯನ ಮುಖಾಮುಖಿಗೆ ಪ್ರಾಚೀನ ದಾಖಲೆಗಳು ಹೇರಳವಾಗಿವೆ. ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನ ಹಲವೆಡೆ ದೊರೆತಿವೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು ಇವುಗಳಲ್ಲಿ ವಿಶಿಷ್ಟವಾದುದು. ಗಂಗರ ಇಮ್ಮಡಿ ಬೂತುಗನು ತನ್ನ ಸೇವಕನಾದ ಮಣಲೇರನ ಪರಾಕ್ರಮವನ್ನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ದತ್ತಿಬಿಟ್ಟುದನ್ನು ಶಾಸನವು ದಾಖಲಿಸುತ್ತದೆ. ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮೃಗಯೆಯನ್ನು ಅರಸನ ವಿನೋದಗಳಲ್ಲಿ ಒಂದೆಂದು ಪರಿಗಣಿಸಿ, ಬೇಟೆಯ ನಾನಾ ವಿಧಾನಗಳನ್ನು ವಿವರಿಸುತ್ತದೆ.

ಈ ಎರಡು ಆಕರಗಳ ನಡುವಣ ವ್ಯತ್ಯಾಸ ಗಮನಾರ್ಹವಾಗಿದೆ. ಊರಿನ ವೀರಗಲ್ಲಿನಲ್ಲಿ ಕಾಡುಪ್ರಾಣಿಯು ಬೆಳೆ, ದನ ಮತ್ತು ಪ್ರಾಣಕ್ಕೆ ಎದುರಾದ ಹಗೆ. ಅಲ್ಲಿ ನೋಡುವವನೂ ಹೋರಾಡುವವನೂ ಒಬ್ಬನೇ. ಅರಮನೆಯ ಗ್ರಂಥದಲ್ಲಾದರೋ ಪ್ರಾಣಿಯು ವಿನೋದದ ವಸ್ತು. ಅಲ್ಲಿ ಅರಸನು ನೋಡುತ್ತಾನೆ, ಇತರರು ಕಾಡನ್ನು ಸೋವಿ ಪ್ರಾಣಿಯನ್ನು ಅವನ ಎದುರಿಗೆ ತರುತ್ತಾರೆ. ಮುಂದಿನ ಕಾಲದ ವನ್ಯಪ್ರಾಣಿ ವೀಕ್ಷಣೆಯು ಈ ಎರಡನೆಯ ಪರಂಪರೆಯ ಕವಲಾಗಿ ಬೆಳೆಯಿತು.

ಖೆಡ್ಡಾ: ಪ್ರೇಕ್ಷಕವರ್ಗದ ಉದಯ

ಮೈಸೂರು ಸಂಸ್ಥಾನದಲ್ಲಿ ಕಾಡುಪ್ರಾಣಿಯನ್ನು ಕೊಲ್ಲದೆ ನೋಡುವ ಉದ್ದೇಶದಿಂದಲೇ ದೊಡ್ಡ ಸಂಖ್ಯೆಯ ಜನ ಸೇರಿದ ಮೊದಲ ಸಂದರ್ಭಗಳೆಂದರೆ ಖೆಡ್ಡಾಗಳು. ನೀರಾವರಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಸಮೀಪ ಕಾಡಾನೆಗಳ ಹಿಂಡನ್ನು ಹಿಡಿಯುವಲ್ಲಿ ಯಶಸ್ವಿಯಾದನು. 1878ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಕುತೂಹಲಕರವಾದ ಸಂಗತಿಯೊಂದಿದೆ. ಒಂದು ಶತಮಾನದ ಹಿಂದೆ ಹೈದರ್ ಅಲಿಯು ಕಾಕನಕೋಟೆಯ ಕಾಡಿನಲ್ಲಿ ಆನೆಗಳನ್ನು ಹಿಡಿಯಲು ಯತ್ನಿಸಿ ವಿಫಲನಾದನೆಂದೂ, ಮುಂದೆ ಈ ಪ್ರಯತ್ನಕ್ಕೆ ಕೈಹಾಕುವವರಿಗೆ ಶಾಪವಿತ್ತು ಕಲ್ಲೊಂದನ್ನು ನಿಲ್ಲಿಸಿದನೆಂದೂ ಆತ ಬರೆದಿದ್ದಾನೆ. ಆ ಶಾಪದ ಮಾತು ಏನೇ ಇರಲಿ, ಹೆಗ್ಗಡದೇವನಕೋಟೆ ಸೀಮೆಯ ಕಾಕನಕೋಟೆ ಮತ್ತು ಕಾರಾಪುರದ ಸುತ್ತಣ ಕಾಡು ಮುಂದಿನ ಒಂದು ಶತಮಾನ ಕಾಲ ಖೆಡ್ಡಾದ ರಂಗಭೂಮಿಯಾಯಿತು.

ಖೆಡ್ಡಾದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಗಮನಿಸುವುದು ಅಗತ್ಯ. ಮೊದಲಿಗೆ ಜಾಡುಗಾರರು ಕಾಡಿನೊಳಗೆ ಹೋಗಿ, ಹೆಜ್ಜೆ, ಲದ್ದಿ ಮತ್ತು ಮುರಿದ ಬಿದಿರನ್ನು ನೋಡಿ ಹಿಂಡು ಇರುವ ಸ್ಥಳವನ್ನು ಗೊತ್ತುಮಾಡುತ್ತಿದ್ದರು. ಬಳಿಕ ನೂರಾರು ಜನರ ಸಾಲು ಹಿಂಡನ್ನು ಸುತ್ತುವರಿದು, ರಾತ್ರಿಯಲ್ಲಿ ಬೆಂಕಿಯ ಕಾವಲಿಟ್ಟು, ತಮಟೆ ಮತ್ತು ಕೂಗಿನಿಂದ ಅದನ್ನು ಹೊಳೆಯ ಕಡೆಗೆ ಸೋವುತ್ತಿತ್ತು. ಕಬಿನಿ ಹೊಳೆಯನ್ನು ದಾಟಿಸಿ ಹಿಂಡನ್ನು ಭದ್ರವಾದ ಮರದ ದೊಡ್ಡಿಗೆ ಹೊಗಿಸಲಾಗುತ್ತಿತ್ತು. ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ದೊಡ್ಡಿಯೊಳಗೆ ಹೋಗಿ ಕಾಡಾನೆಗಳ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಹೊಳೆ ದಾಟುವ ದೃಶ್ಯವನ್ನು ನೋಡಲು ಅತಿಥಿಗಳಿಗೆ ಎತ್ತರದ ಅಟ್ಟಣೆಗಳನ್ನು ಕಟ್ಟಲಾಗುತ್ತಿತ್ತು. 1906ರಲ್ಲಿ ವೇಲ್ಸ್‌ನ ರಾಜಕುಮಾರನಾಗಿ ಬಂದಿದ್ದ ಮುಂದಿನ ಐದನೆಯ ಜಾರ್ಜ್, 1922ರಲ್ಲಿ ಆತನ ಮಗ ಎಡ್ವರ್ಡ್, ಹಲವು ಮಂದಿ ವೈಸರಾಯ್‌ಗಳು ಹೀಗೆ ಖೆಡ್ಡಾವನ್ನು ನೋಡಿದ ಗಣ್ಯರಾಗಿದ್ದಾರೆ. ರಾಜ್ಯದ ಸತ್ಕಾರ ಮತ್ತು ರಾಜಕೀಯ ಗೌರವದ ಅಂಗವಾಗಿ ಕಾಡಾನೆಯ ದರ್ಶನವು ಇಲ್ಲಿ ಸ್ಥಾನ ಪಡೆಯಿತು. ಕಾರಾಪುರದ ಮಾವುತನೊಬ್ಬನ ಮಗನಾದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಲನಚಿತ್ರದಲ್ಲಿ ಅಭಿನಯಿಸಿ ಜಗತ್ಪ್ರಸಿದ್ಧನಾದನು. ಅಟ್ಟಣೆಯ ಮೇಲಿನ ಕೆಲವರ ನೋಟ ಈ ಚಿತ್ರದ ಮೂಲಕ ಲೋಕದ ನೋಟವಾಯಿತು.

ಮೀಸಲು ಕಾಡಿನಿಂದ ಅಭಯಾರಣ್ಯಕ್ಕೆ

ಖೆಡ್ಡಾದೊಂದಿಗೆ ಹುಲಿ, ಕಾಟಿ ಮತ್ತು ಜಿಂಕೆಗಳ ಬೇಟೆಯೂ ನಡೆಯುತ್ತಲೇ ಇತ್ತು. 1901ರ ಮೈಸೂರು ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ನಿಬಂಧನೆಯು ಬೇಟೆಯನ್ನು ನಿಯಮಕ್ಕೆ ಒಳಪಡಿಸಿತು. ಬೇಟೆಯು ಮುಂದೆಯೂ ಸಾಗಬೇಕಾದರೆ ಪ್ರಾಣಿಗಳು ಉಳಿಯಬೇಕು ಎಂಬುದು ಇಂತಹ ನಿಬಂಧನೆಗಳ ಮೂಲ ತರ್ಕ. ಸಂರಕ್ಷಣೆಯ ಮೊದಲ ಹೆಜ್ಜೆಯು ಬೇಟೆಗಾರನ ಹಿತದೃಷ್ಟಿಯಿಂದಲೇ ಬಂದಿತೆಂಬುದು ಇಲ್ಲಿ ಸ್ಪಷ್ಟ.

1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯವೆಂದು ಗೊತ್ತುಮಾಡಲಾಯಿತು. 1941ರಲ್ಲಿ ಇದನ್ನು 800 ಚದರ ಕಿಲೋಮೀಟರಿನಷ್ಟು ವಿಸ್ತರಿಸಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಹೆಸರಿಡಲಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರನ್ನು ಕಾಡಿಗೆ ಇರಿಸಿದುದು ಅರಮನೆಯ ಭಕ್ತಿಯನ್ನೂ ಒಡೆತನವನ್ನೂ ಒಟ್ಟಿಗೆ ಸೂಚಿಸುತ್ತದೆ. ಮೈಸೂರು–ಊಟಿ ರಸ್ತೆಯು ಈ ಕಾಡಿನ ನಡುವೆಯೇ ಹಾದುಹೋಗುತ್ತಿದ್ದುದರಿಂದ ಮೋಟಾರು ವಾಹನದಲ್ಲಿ ಕುಳಿತು ಪ್ರಾಣಿಗಳನ್ನು ನೋಡುವ ಅಭ್ಯಾಸಕ್ಕೆ ಇಲ್ಲಿ ಸಹಜ ಅನುಕೂಲವಿತ್ತು.

ಇದೇ ಕಾಲದಲ್ಲಿ ಭಿನ್ನ ಬಗೆಯ ನೋಟವೊಂದೂ ಮೈಸೂರಿಗೆ ಪರಿಚಯವಾಯಿತು. ಪಕ್ಷಿವಿಜ್ಞಾನಿ ಸಲೀಂ ಅಲಿ 1939-40ರಲ್ಲಿ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯ ಮೇರೆಗೆ 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾಯಿತು. ಅಲ್ಲಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದರಿಂದ ಉಂಟಾದವು. ಬೇಸಾಯಕ್ಕೆಂದು ಮಾಡಿದ ಕೆಲಸವು ಹಕ್ಕಿಗಳಿಗೆ ನೆಲೆಯೊದಗಿಸಿದ ಈ ನಿದರ್ಶನವು 2022ರಲ್ಲಿ ರಾಮ್ಸಾರ್ ತಾಣವೆಂಬ ಮನ್ನಣೆಯನ್ನೂ ಪಡೆಯಿತು.

ಸ್ವಾತಂತ್ರ್ಯಾನಂತರ 1952ರಲ್ಲಿ ಭಾರತ ಸರ್ಕಾರವು ರಚಿಸಿದ ವನ್ಯಜೀವಿ ಮಂಡಳಿಗೆ ಜಯಚಾಮರಾಜ ಒಡೆಯರ್ ಮೊದಲ ಅಧ್ಯಕ್ಷರಾದರು. ಅದರ ಮೊದಲ ಸಭೆ ಮೈಸೂರಿನಲ್ಲಿಯೇ ನಡೆಯಿತು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ತೆರೆಯೆಳೆಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಅದೇ ವರ್ಷ ತೆರೆಕಂಡ ‘ಗಂಧದ ಗುಡಿ’ ಚಲನಚಿತ್ರವು ಅರಣ್ಯಾಧಿಕಾರಿಯನ್ನು ನಾಯಕನನ್ನಾಗಿಸಿ, ಕಾಡನ್ನು ಕಾಯುವ ಕೆಲಸವನ್ನು ಕನ್ನಡಿಗರ ಮನೆಮಾತಾಗಿಸಿತು.

ಬಂದೂಕಿನ ಸ್ಥಾನಕ್ಕೆ ಕ್ಯಾಮೆರಾ ಬಂದುದು ಈ ಅವಧಿಯ ಮತ್ತೊಂದು ಮುಖ್ಯ ಬದಲಾವಣೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮೊದಲಾದವರ ಛಾಯಾಚಿತ್ರಗಳು ಕಾಡನ್ನು ಕಾಣದವರಿಗೂ ಕಾಡಿನ ಅರಿವು ನೀಡಿದವು. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಬೇಟೆ ನಿಂತುಹೋಗಿದ್ದ ಕಾಲದಲ್ಲಿ ಅನೇಕ ಕನ್ನಡ ಓದುಗರಿಗೆ ಕಾಡಿನ ಮೊದಲ ಪರಿಚಯವು ಬೇಟೆಗಾರನ ಕಥನದ ಮೂಲಕವೇ ಆಯಿತೆಂಬುದು ಗಮನಿಸಬೇಕಾದ ಸಂಗತಿ.

ಕಬಿನಿ: ಮುಳುಗಿದ ನೆಲ, ತೆರೆದ ನೋಟ

ಬೇಟೆಯ ವ್ಯವಸ್ಥೆಯು ನೋಟದ ವ್ಯವಸ್ಥೆಯಾಗಿ ಮಾರ್ಪಟ್ಟ ಬಗೆಯನ್ನು ಕಬಿನಿಯ ದಡದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣಬಹುದು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಹಲವು ಗ್ರಾಮಗಳೊಂದಿಗೆ ಹಳೆಯ ಖೆಡ್ಡಾ ನೆಲದ ಬಹುಭಾಗವೂ ಹಿನ್ನೀರಿನ ಅಡಿಗೆ ಸೇರಿತು. ಬಂಡೀಪುರ ಮತ್ತು ನಾಗರಹೊಳೆಗಳ ನಡುವೆ ನೀರಿನ ಗಡಿಯೊಂದು ಏರ್ಪಟ್ಟಿತು.

ಆದರೆ ಇದೇ ಜಲಾಶಯವು ಮತ್ತೊಂದು ಪರಿಣಾಮವನ್ನುಂಟುಮಾಡಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಹಿನ್ನೀರಿನ ಅಂಚಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಕಾಡಿನ ಒಳಗಣ ಕೆರೆಗಳು ಬತ್ತಿ, ಎಲೆಯುದುರುವ ಕಾಡು ಒಣಗಿ ನಿಲ್ಲುವ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಎರಡೂ ಕಡೆಯ ಆನೆಗಳು ನೀರು ಮತ್ತು ಮೇವಿಗಾಗಿ ಈ ಬಯಲಿಗೆ ಬರುತ್ತವೆ. ಏಷ್ಯಾದ ಆನೆಗಳು ಹೀಗೆ ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಸ್ಥಳಗಳು ಅಪರೂಪ. ಖೆಡ್ಡಾದ ಕಾಲದಲ್ಲಿ ನೂರಾರು ಜನ ಸೋವಿ ಹೊಳೆಯ ದಡಕ್ಕೆ ತರುತ್ತಿದ್ದ ಆನೆಗಳು ಈಗ ಬರದ ದಿನಗಳಲ್ಲಿ ತಾವಾಗಿಯೇ ಅದೇ ಹೊಳೆಯ ದಡಕ್ಕೆ ಬರುವಂತಾಯಿತು.

1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾರಾಪುರದಲ್ಲಿ ಪ್ರವಾಸಿ ವಸತಿಗೃಹವನ್ನು ಆರಂಭಿಸಿದಾಗ, ಮಹಾರಾಜರೂ ವೈಸರಾಯ್‌ಗಳೂ ತಂಗುತ್ತಿದ್ದ ಹಳೆಯ ಬೇಟೆಬಂಗಲೆಗಳೇ ಅದರ ಕೇಂದ್ರವಾದವು. ಅದನ್ನು ಬಹುಕಾಲ ನಡೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಸ್ವತಃ ಹಿಂದೆ ಬೇಟೆಯ ಅನುಭವವಿದ್ದವರು. ಕಟ್ಟಡ, ದಾರಿ, ಹೊಳೆದಡ, ಜಾಡುಗಾರರ ಅನುಭವ ಇವೆಲ್ಲವೂ ಹಿಂದಿನ ಕಾಲದಿಂದ ಬಂದುವು. ಹೊಸದಾಗಿ ಬಂದದ್ದು ಹಣ ಕೊಟ್ಟು ನೋಡುವ ಪ್ರವಾಸಿ. ಅರಸನ ಅತಿಥಿಗೆ ಮಾತ್ರ ಮೀಸಲಾಗಿದ್ದ ಆಸನವು ನಾಗರಿಕನಿಗೆ ದೊರೆತುದು ಪ್ರಜಾಪ್ರಭುತ್ವದ ದೃಷ್ಟಿಯಿಂದ ಸಣ್ಣ ಬದಲಾವಣೆಯೇನಲ್ಲ; ಆದರೂ ಆ ಆಸನಕ್ಕೆ ಬೆಲೆಯೊಂದು ನಿಗದಿಯಾಗಿತ್ತು.

ತೋರಿಸಿದವರು ಮತ್ತು ತೆರಳಿದವರು

ಈ ಚರಿತ್ರೆಯುದ್ದಕ್ಕೂ ನೋಡಿದವರ ಹೆಸರುಗಳು ದೊರೆಯುತ್ತವೆ. ತೋರಿಸಿದವರ ಹೆಸರುಗಳು ವಿರಳ. ಖೆಡ್ಡಾದ ಜಾಡು ಹಿಡಿದವರು, ಬೇಟೆಗೆ ಕಾಡು ಸೋವಿದವರು, ಆನೆಯನ್ನು ಪಳಗಿಸಿದವರಲ್ಲಿ ಜೇನುಕುರುಬ ಮತ್ತು ಬೆಟ್ಟಕುರುಬ ಸಮುದಾಯದವರು ಪ್ರಮುಖರು. ಪ್ರಾಣಿಯನ್ನು ಕಾಣುವ ಕಲೆಯು ಬಹುಪಾಲು ಅದನ್ನು ಕಾಣುವ ಮೊದಲೇ ಅರಿಯುವ ಕಲೆ. ಧೂಳಿನಲ್ಲಿ ಮೂಡಿದ ಹೆಜ್ಜೆಯ ಅಂಚು ಉದುರಿದೆಯೇ ಇಲ್ಲವೇ ಎಂಬುದರಿಂದ ಹುಲಿ ಹೋಗಿ ಎಷ್ಟು ಹೊತ್ತಾಯಿತೆಂದು ತಿಳಿಯುವುದು, ಜಿಂಕೆ ಮತ್ತು ಮುಸಿಯದ ಎಚ್ಚರಿಕೆಯ ಕೂಗಿನಿಂದ ಪೊದೆಯೊಳಗಿನ ಚಿರತೆಯನ್ನು ಊಹಿಸುವುದು, ಗಾಳಿ ಬೀಸುವ ದಿಕ್ಕನ್ನು ನೋಡಿ ಆನೆಯಿಂದ ದೂರವಿರುವುದು ಇವೆಲ್ಲವೂ ಈ ಸಮುದಾಯಗಳು ತಲೆಮಾರುಗಳಿಂದ ಗಳಿಸಿದ ವಿದ್ಯೆ. ಖೆಡ್ಡಾ ನಿಂತ ಮೇಲೂ ಈ ವಿದ್ಯೆ ಆನೆ ಶಿಬಿರಗಳ ಮಾವುತ–ಕಾವಾಡಿಗಳಲ್ಲಿ, ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರರಲ್ಲಿ ಮುಂದುವರಿಯಿತು.

1990ರ ದಶಕದಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳ ಮೂಲಕ ಹುಲಿಗಳ ಅಧ್ಯಯನ ಕೈಗೊಂಡರು. ಪ್ರತಿಯೊಂದು ಹುಲಿಯ ಪಟ್ಟೆಯ ವಿನ್ಯಾಸವೂ ಬೇರೆಯಾಗಿರುವುದರಿಂದ, ದಾರಿಯ ಬದಿಯಲ್ಲಿರಿಸಿದ ಕ್ಯಾಮೆರಾದ ಚಿತ್ರಗಳಿಂದ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮ ಇಲ್ಲಿ ಬೆಳೆಯಿತು. ಮುಂದೆ ಅದು ರಾಷ್ಟ್ರಮಟ್ಟದ ಗಣತಿಗೂ ಆಧಾರವಾಯಿತು. ಕರ್ನಾಟಕದಲ್ಲಿ 2014ರ ಅಂದಾಜಿನಲ್ಲಿ 406 ಹುಲಿಗಳಿದ್ದರೆ, 2022ರ ಅಂದಾಜಿನಲ್ಲಿ ಆ ಸಂಖ್ಯೆ 563. ಬೇಟೆಯ ನಿಷೇಧ ಹಾಗೂ ಕಟ್ಟುನಿಟ್ಟಾದ ಕಾವಲು ಫಲ ನೀಡಿವೆಯೆಂಬುದನ್ನು ಈ ಅಂಕಿಗಳು ಸಮರ್ಥಿಸುತ್ತವೆ. ಇದನ್ನು ಅಲ್ಲಗಳೆದು ಈ ಚರಿತ್ರೆಯನ್ನು ಬರೆಯಲಾಗದು.

ಆದರೆ ಕಾಡು ಅಭಯಾರಣ್ಯವಾದ ಪ್ರಕ್ರಿಯೆಯಲ್ಲಿ ಕಾಡಿನೊಳಗಿನ ಹಾಡಿಗಳು ತೆರವಾದವು. ಪ್ರಾಣಿಗೆ ತೊಂದರೆಯಾಗದಂತೆ ಹಾಡಿಯ ಜನ ಹೊರಹೋಗಬೇಕೆಂದ ಕಾಲದಲ್ಲಿಯೇ, ಪ್ರಾಣಿಯನ್ನು ನೋಡಲು ಪ್ರವಾಸಿಯು ಒಳಬರಬಹುದೆಂಬುದು ಹಾಡಿಯ ಜನರಿಗೆ ಅರ್ಥವಾಗದ ವಿರೋಧಾಭಾಸವಾಗಿ ಕಂಡಿತು. ನಾಗರಹೊಳೆಯೊಳಗೆ ಖಾಸಗಿ ಹೋಟೆಲ್ ಸಂಸ್ಥೆಯೊಂದಕ್ಕೆ ವಸತಿಗೃಹ ನಡೆಸಲು ನೀಡಿದ್ದ ಗುತ್ತಿಗೆಯನ್ನು ಬುಡಕಟ್ಟು ಜನರ ಸಂಘಟನೆಯು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಗುತ್ತಿಗೆ ಕಾನೂನಿಗೆ ವಿರುದ್ಧವಾದುದೆಂದು ತೀರ್ಪಿತ್ತಿತು. ಹಕ್ಕುಗಳ ಪ್ರಶ್ನೆಯು 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿ ಶಾಸನರೂಪ ಪಡೆಯಿತು. 2011ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿಯೂ ಜನರೂ ಒಂದೇ ಕಾಡಿನಲ್ಲಿರಬಹುದೆಂಬ ನಿಲುವಿಗೆ ಇದು ಕಾನೂನಿನ ಮನ್ನಣೆಯಾಗಿತ್ತು.

ನೋಡುವವರ ಮೇಲೆಯೂ ಕ್ರಮೇಣ ಮಿತಿಗಳು ಬಂದವು. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಾರ್ಗಸೂಚಿಯು ಹುಲಿಯ ಮುಖ್ಯ ಆವಾಸದ ಶೇಕಡ 20ಕ್ಕಿಂತ ಹೆಚ್ಚಿನ ಭಾಗವನ್ನು ಪ್ರವಾಸೋದ್ಯಮಕ್ಕೆ ಬಳಸಬಾರದೆಂದು ವಿಧಿಸಿತು.

ಕೊಕ್ಕರೆಬೆಳ್ಳೂರು: ಒಂದು ತೌಲನಿಕ ನಿದರ್ಶನ

ಸ್ಥಳ ತೆರವುಗೊಳಿಸದೆಯೇ ಕಾಡುಜೀವಿಯನ್ನು ಉಳಿಸಿದ ಮತ್ತು ತೋರಿಸಿದ ಪರಂಪರೆಯೊಂದು ಇದೇ ಸೀಮೆಯಲ್ಲಿದೆ. ಕಾಳಿಯ ಶಾಸನ ದೊರೆತ ಮದ್ದೂರು ತಾಲ್ಲೂಕಿನಲ್ಲಿಯೇ ಇರುವ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಣ ಹುಣಸೆ, ಅತ್ತಿ ಮತ್ತು ಆಲದ ಮರಗಳಲ್ಲಿ ಗೂಡುಕಟ್ಟುತ್ತವೆ. ಅವುಗಳ ಬರವನ್ನು ಊರಿನವರು ಶುಭವೆಂದು ಬಗೆಯುತ್ತಾರೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹಕ್ಕಿಗಳಿಂದಾದ ಹುಣಸೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರ ನೀಡುವ ಕ್ರಮವೂ ಬಂದಿತು. 1994ರಲ್ಲಿ ಊರಿನ ಯುವಕರು ಕಟ್ಟಿಕೊಂಡ ಹೆಜ್ಜಾರ್ಲೆ ಬಳಗವು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸ ಕೈಗೊಂಡಿತು. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಈ ಹೋಲಿಕೆಗೆ ಮಿತಿಯಿದೆ. ಹೆಜ್ಜಾರ್ಲೆ ಮನುಷ್ಯನ ಪ್ರಾಣಕ್ಕೆ ಎರವಾಗುವುದಿಲ್ಲ. ಹುಲಿ ಮತ್ತು ಆನೆಗಳ ವಿಷಯ ಹಾಗಲ್ಲ. ಹಾಗಾಗಿ ಒಂದು ಊರಿನ ಕ್ರಮವನ್ನು ದಟ್ಟ ಕಾಡಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ಪ್ರಾಣಿಯ ಪಕ್ಕದಲ್ಲಿ ಬದುಕುವವನ ನಷ್ಟವನ್ನು ಲೆಕ್ಕಕ್ಕೆ ಹಿಡಿದಲ್ಲಿ, ಅವನೇ ಅದರ ಕಾವಲುಗಾರನೂ ಆಗುತ್ತಾನೆ ಎಂಬ ತತ್ತ್ವ ಎರಡೂ ಕಡೆ ಒಂದೇ.

ಉಪಸಂಹಾರ

2025ರ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಅಂಚಿನ ಗ್ರಾಮಗಳಲ್ಲಿ ಹುಲಿಯ ದಾಳಿಯಿಂದ ರೈತರು ಮೃತಪಟ್ಟ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರವು ಆ ಕಾಡುಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ನಿಯೋಜಿಸಲು ಆದೇಶಿಸಿತು. ಪ್ರವಾಸಿಯ ನೋಟಕ್ಕೂ ಕಾಡಂಚಿನ ರೈತನ ಬದುಕಿಗೂ ಇರುವ ಸಂಬಂಧವನ್ನು ಈ ಆದೇಶವು ಬಹಿರಂಗವಾಗಿ ಒಪ್ಪಿಕೊಂಡಿತು. ಸಫಾರಿಯ ವಾಹನದಲ್ಲಿ ಕುಳಿತವನಿಗೆ ಹುಲಿಯು ದರ್ಶನಭಾಗ್ಯ; ಹತ್ತಿಯ ಹೊಲದಲ್ಲಿ ಬಾಗಿ ಕೆಲಸ ಮಾಡುವವನಿಗೆ ಅದು ಇಂದಿಗೂ ವೀರಗಲ್ಲಿನ ಹುಲಿಯೇ.

ಒಟ್ಟಿನಲ್ಲಿ ಹಳೆ ಮೈಸೂರು ಸೀಮೆಯ ವನ್ಯಪ್ರಾಣಿ ವೀಕ್ಷಣೆಯ ಚರಿತ್ರೆಯು ಬೇಟೆಯ ಅಂತ್ಯದಿಂದ ಆರಂಭವಾಗುವುದಿಲ್ಲ. ಬೇಟೆಯ ಅಟ್ಟಣೆಯಿಂದಲೇ ಆರಂಭವಾಗುತ್ತದೆ. ಅರಸನ ಅತಿಥಿಯಿಂದ ಪ್ರವಾಸಿಯವರೆಗೆ ಆ ಆಸನದ ಮೇಲೆ ಕುಳಿತವರು ಬದಲಾದರು. ಪ್ರಾಣಿಯು ಸಾವಿನಿಂದ ಪಾರಾಯಿತು, ಮತ್ತು ಅದು ಈ ಬದಲಾವಣೆಯ ನಿಸ್ಸಂದೇಹವಾದ ಲಾಭ. ಆದರೆ ತೋರಿಸುವವನು ದಿನಗೂಲಿಯಾಗಿಯೂ, ಸ್ಥಳ ಬಿಟ್ಟವನು ಅರ್ಜಿದಾರನಾಗಿಯೂ, ಅಂಚಿನಲ್ಲಿ ಉಳಿದವನು ಪರಿಹಾರಕ್ಕೆ ಕಾಯುವವನಾಗಿಯೂ ಉಳಿದರು. ಅಭಯಾರಣ್ಯ ಎಂಬ ಮಾತಿನಲ್ಲಿ ಅಭಯವೆಂಬ ಪದವಿದೆ. ಆ ಅಭಯವು ಪ್ರಾಣಿಗೆ ದೊರೆತ ಬಗೆಯನ್ನು ಅರಣ್ಯ ಇಲಾಖೆಯ ದಾಖಲೆಗಳು ಹೇಳುತ್ತವೆ. ಅದು ಕಾಡಿನ ಒಳಗೂ ಅಂಚಿನಲ್ಲೂ ಇರುವ ಮನುಷ್ಯನಿಗೆ ಎಷ್ಟರಮಟ್ಟಿಗೆ ದೊರೆಯಿತೆಂಬುದನ್ನು ತಿಳಿಯಲು ಜಾಡುಗಾರರ, ಮಾವುತರ ಮತ್ತು ಹಾಡಿಗಳ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವ ಕಾರ್ಯ ವ್ಯವಸ್ಥಿತವಾಗಿ ನಡೆಯಬೇಕಾಗಿದೆ. ಖೆಡ್ಡಾದಲ್ಲಿ ಕೈಯಾರೆ ದುಡಿದ ತಲೆಮಾರು ಮರೆಯಾಗುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡುವಂತಿಲ್ಲ.